ನೋಡತಕ್ಕ ಸ್ಥಳಗಳು ಎಂದು ಬರೆಸಿಕೊಂಡ ಹಲಗೆ

ನಾನು ಒಂದು ಹಲಗೆ. ಹೆಬ್ಬಲಸಿನ ಮರದ್ದು. ಉದ್ದ ಒಂದು ಆಳು, ಅಗಲ ಒಂದೂವರೆ ಮೊಳ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು ಜಾಸ್ತಿ. ತಮ್ಮ ಕತೆ ಹೇಳಿಕೊಳ್ಳುವ ಛತ್ರಿ, ಚಪ್ಪಲಿ, ಗಡಿಯಾರಗಳೆಲ್ಲ ತಾವು ಎಷ್ಟು ತಾಳ್ಮೆಯಿಂದ ಸೇವೆ ಮಾಡಿದೆವು ಎಂದು ಹೇಳುತ್ತವಂತೆ. ನನ್ನ ಹತ್ತಿರ ಅಂಥದ್ದನ್ನು ನಿರೀಕ್ಷಿಸಬೇಡಿ.

ನನ್ನನ್ನೂ ನನ್ನ ಅಣ್ಣನನ್ನೂ ಒಂದೇ ದಿಮ್ಮಿಯಿಂದ ಕೊಯ್ದರು. ನಮ್ಮೂರು ಮಳಲುಕೋಡಿ, ಹೊಳೆ ಕಡಲಿಗೆ ಸೇರುವ ಬಾಯಲ್ಲಿ ದಕ್ಷಿಣದ ದಂಡೆಗೆ ಅಂಟಿಕೊಂಡಿರುವ ಸಣ್ಣ ಮೀನುಗಾರರ ಊರು. ಅಲ್ಲಿಯ ಮರಳಿನ ಮೇಲೆ ಆಚಾರಿ ನಮ್ಮನ್ನೆಲ್ಲ ತೆಂಗಿನ ಹುರಿಯಲ್ಲಿ ಹೊಲಿದು ದೋಣಿ ಮಾಡಿದ. ಅಣ್ಣ ದೋಣಿಯ ಮೂತಿಯಾದ. ನಾನು ಹಿಂಬದಿಯಲ್ಲಿ ತಳದ ಹಲಗೆಯಾದೆ. ಮೂತಿಗೆ ಅರಿಶಿನ ಕುಂಕುಮ ಹಚ್ಚಿದರು, ಮಲ್ಲಿಗೆ ದಂಡೆ ಸುತ್ತಿದರು, ಎದುರಿಗೆ ಕಾಯಿ ಒಡೆದರು. ನನಗೆ ಮೀನೆಣ್ಣೆ ಬಳಿದರು, ಅಷ್ಟೇ. ಒಡೆದ ಕಾಯಿಯ ನೀರು ಹರಿದು ಬಂದು ನನ್ನನ್ನು ತೋಯಿಸಿತು. ಆ ದಿನದಿಂದಲೇ ನನಗೆ ಹೊಟ್ಟೆ ಉರಿಯಲು ಶುರುವಾಯಿತು.

ದೋಣಿಯ ಯಜಮಾನರು ಕುಷ್ಟ ಮರಕಾಲರು. ದೋಣಿ ನಡೆಸುವ ಹಿರಿಯನನ್ನು ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ಕುಷ್ಟ ಮರಕಾಲರಂಥ ತಾಂಡೇಲ ಆ ದಂಡೆಯಲ್ಲಿ ಇನ್ನೊಬ್ಬರಿರಲಿಲ್ಲ. ಅವರು ಹಿಂಬದಿಯಲ್ಲಿ, ಅಂದರೆ ನನ್ನ ಮೇಲೆ, ಬಲಗಾಲಿನ ಹಿಮ್ಮಡಿ ಊರಿ ನಿಂತು ದೋಣಿ ತಿರುಗಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಅವರ ಹಿಮ್ಮಡಿ ಒಂದೇ ಜಾಗದಲ್ಲಿ ಇತ್ತು. ಅಲ್ಲಿ ನನ್ನ ಮೈ ಸವೆದು ಒಂದು ಗುಳಿ ಬಿತ್ತು. ನನಗೆ ಆಗಿದ್ದ ಒಡವೆ ಅದೊಂದೇ.

ನೀರಿನಡಿ ಎಲ್ಲಿ ಬಂಡೆಯಿದೆ, ಯಾವ ಬಂಡೆಯ ಸುತ್ತ ಮೀನು ನಿಲ್ಲುತ್ತದೆ ಎಂಬುದು ಮೇಲಿನಿಂದ ಕಾಣುವುದಿಲ್ಲ. ದೂರದಲ್ಲಿ ಕಾಣುವ ಎರಡು ಗುರುತುಗಳು ಒಂದರ ಹಿಂದೆ ಒಂದು ಬಂದು ನಿಲ್ಲಬೇಕು. ಇನ್ನೊಂದು ದಿಕ್ಕಿನಲ್ಲಿ ಮತ್ತೆರಡು ಹಾಗೆಯೇ ನಿಲ್ಲಬೇಕು. ಆಗ ದೋಣಿ ಬಂಡೆಯ ಮೇಲಿದೆ ಎಂದು ತಿಳಿಯುವುದು. ಈ ಗುರುತುಗಳನ್ನು ತಾಂಡೇಲರು ಹೆಂಡತಿ ಮಕ್ಕಳಿಗೂ ಹೇಳುವುದಿಲ್ಲ. ಕುಷ್ಟ ಮರಕಾಲರೂ ಹೇಳಿದವರಲ್ಲ. ಬಾಯೊಳಗೇ ಗೊಣಗಿಕೊಳ್ಳುತ್ತಿದ್ದರು. ಉಳಿದ ಆಳುಗಳಿಗೆ ಕೇಳಿಸುತ್ತಿದ್ದದ್ದು ಕೊನೆಯ ಎರಡು ಮಾತು ಮಾತ್ರ.

"ಬಲೆ ಬಿಡಿ."

ಹಾಗೆ ಹೇಳುವ ಮೊದಲು ಅವರ ಹಿಮ್ಮಡಿ ನನ್ನ ಗುಳಿಯಲ್ಲಿ ಗಟ್ಟಿಯಾಗಿ ಊರುತ್ತಿತ್ತು. ಗುರುತು ಕೂಡಿತು ಎಂದು ಇಡೀ ದೋಣಿಯಲ್ಲಿ ಮೊದಲು ತಿಳಿಯುತ್ತಿದ್ದದ್ದು ನನಗೆ. ಆದರೆ ಆ ಗುರುತುಗಳನ್ನು ನಾನು ಒಮ್ಮೆಯೂ ನೋಡಲಿಲ್ಲ. ತಳದಲ್ಲಿ ಮಲಗಿದವನಿಗೆ ಕಾಣುವುದು ಆಕಾಶ ಮತ್ತು ಯಜಮಾನರ ಗದ್ದ. ಹೆಸರುಗಳಷ್ಟೇ ಬಾಯಿಪಾಠವಾದವು. ಲೈಟ್‌ಹೌಸ್, ಕೋಟೆಗುಡ್ಡೆ, ಹಕ್ಕಿಕಲ್ಲು, ಕೆಂಪುದರೆ. ಇವರು ಕಣ್ಣು ಕಿರಿದು ಮಾಡಿ ಅಷ್ಟು ಆಸೆಯಿಂದ ನೋಡುವಂಥದ್ದು ಅಲ್ಲಿ ಏನಿದೆ? ನಾನು ಇವರನ್ನು ಹೊತ್ತುಕೊಂಡಿದ್ದೇನೆ, ನನ್ನನ್ನು ಯಾಕೆ ಒಮ್ಮೆ ಬಗ್ಗಿ ನೋಡುವುದಿಲ್ಲ? ತಾಂಡೇಲ ದೂರ ನೋಡುವವನು, ಕಾಲಡಿ ನೋಡುವವನಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಸಮಾಧಾನ ಆಗುತ್ತಿರಲಿಲ್ಲ.

ಇಂಜಿನ್ ದೋಣಿಗಳು ಬಂದ ಮೇಲೆ ನಮ್ಮನ್ನು ಮರಳಿಗೆ ಎಳೆದು ಹಾಕಿದರು. ಎರಡು ಮಳೆಗಾಲ ಕಳೆದು ಹುರಿ ಕೊಳೆತು ದೋಣಿ ಬಿಚ್ಚಿಕೊಂಡಿತು. ಹೆಚ್ಚಿನ ಹಲಗೆಗಳು ಒಲೆಗೆ ಹೋದವು. ಅಣ್ಣನನ್ನು ಯಾವುದೋ ರೆಸಾರ್ಟಿನವರು ಬಂದು ಕೊಂಡುಹೋಗಿ ತಮ್ಮ ಬಾಗಿಲಲ್ಲಿ ನಿಲ್ಲಿಸಿದರು. ಅವನ ಜೊತೆ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಾರೆ ಎಂದು ಕೇಳಿದಾಗ ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ನನ್ನನ್ನು ಕುಷ್ಟ ಮರಕಾಲರು ಮನೆಗೆ ಒಯ್ದು ಗೋಡೆಗೆ ಒರಗಿಸಿದರು.

ಅವರ ಮಗಳು ಬಾಗಿ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಮೀನು ಮಾರುತ್ತಿದ್ದಳು. ಆ ಹೊತ್ತಿಗೆ ಹೊರಗಿನವರು ಕಡಲು ನೋಡಲು ನಮ್ಮೂರಿಗೆ ಬರಲು ತೊಡಗಿದ್ದರು. ಬಸ್ಸಿಳಿದವರೆಲ್ಲ ಅವಳ ಬುಟ್ಟಿಯ ಮುಂದೆ ನಿಂತು ಇಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳುವುದು. ಕೊನೆಗೆ ಪಂಚಾಯಿತಿ ಮೆಂಬರು ರತ್ನಾಕರ ಮನೆಗೆ ಬಂದ.

"ಮರಕಾಲ್ರೆ, ನೋಡತಕ್ಕ ಸ್ಥಳಗಳು ಅಂತೇಳಿ ಒಂದ್ ಬೋರ್ಡ್ ಬರ್ದ್ ಕೊಡ್ಕಲೆ. ಎಷ್ಟೆಷ್ಟ್ ದೂರ ಅಂತ್ಲೂ ಹಾಕಿ."

ದೋಣಿಗಳಿಗೆ ಹೆಸರು ಬರೆಯುವ ಕೆಲಸವೂ ಕುಷ್ಟ ಮರಕಾಲರದ್ದೇ. ಬರೀ ಬಣ್ಣದಲ್ಲಿ ಬರೆದರೆ ಉಪ್ಪುಗಾಳಿ ತಿಂದುಹಾಕುತ್ತದೆ ಎಂದು ಅವರು ಉಳಿಯಿಂದ ಕೆತ್ತಿ ಆಮೇಲೆ ಬಣ್ಣ ತುಂಬುತ್ತಿದ್ದರು. ನನ್ನನ್ನು ಮೊಣಕಾಲ ಮೇಲೆ ಹಾಕಿಕೊಂಡರು. ಈಗ ನನ್ನ ಗುಳಿಯನ್ನು ನೋಡುತ್ತಾರೆ, ಗುರುತು ಹಿಡಿಯುತ್ತಾರೆ ಎಂದು ನಾನು ಕಾದೆ.

"ಈ ಬದಿ ಹೊಂಡ ಬಿದ್ದಿತ್ತ್" ಎಂದರು. ತಿರುಗಿಸಿ ಹಾಕಿದರು.

ಇನ್ನೊಂದು ಬದಿಯಲ್ಲಿ ಎರಡು ವಾರ ಕೂತು ಕೆತ್ತಿದರು. ಊರಿನಲ್ಲಿ ದೇವಸ್ಥಾನವಿತ್ತು, ಹಳೆಯ ಬಾವಿಯಿತ್ತು, ಸಂತೆಯಿತ್ತು. ಅವರು ಬರೆದದ್ದು ನಾಲ್ಕೇ ಹೆಸರು. ಲೈಟ್‌ಹೌಸ್, ಕೋಟೆಗುಡ್ಡೆ, ಹಕ್ಕಿಕಲ್ಲು, ಕೆಂಪುದರೆ. ಇಡೀ ಜನ್ಮ ನೋಡಿದ್ದು ಅವನ್ನೇ ಆದ್ದರಿಂದ ನೋಡತಕ್ಕದ್ದು ಎಂದರೆ ಅವರಿಗೆ ಅವೇ. ಉಳಿ ನನ್ನ ಮೈಯಲ್ಲಿ ಇಳಿಯುವಾಗ ನೋವಾಯಿತು. ಆದರೆ ನನ್ನ ವೈರಿಗಳ ಹೆಸರನ್ನು ನನ್ನ ಮೈಮೇಲೇ ಕೆತ್ತುತ್ತಿದ್ದಾರಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದಾಗಿತ್ತು.

ದೂರವನ್ನೂ ಅವರು ಅಂದಾಜಿಗೆ ಬರೆಯಲಿಲ್ಲ. ಬಂದರಿನ ಕಲ್ಲುಗೋಡೆ ಅರ್ಧ ಕಿಲೋಮೀಟರ್ ಉದ್ದವಿದೆ ಎಂದು ಅದನ್ನು ಕಟ್ಟಿದ ಇಂಜಿನಿಯರು ಹೇಳಿದ್ದರಂತೆ. ಗೋಡೆಯ ಪಕ್ಕ ಸಣ್ಣ ದೋಣಿಯಲ್ಲಿ ಹೋಗಿ, ಅದನ್ನು ದಾಟಲು ಎಷ್ಟು ಸಲ ಹುಟ್ಟು ಎಳೆಯಬೇಕು ಎಂದು ಎಣಿಸಿದರು. ಇನ್ನೂರು. ಆಮೇಲೆ ನಾಲ್ಕೂ ಜಾಗಕ್ಕೆ ಹುಟ್ಟು ಎಣಿಸುತ್ತಾ ಹೋಗಿಬಂದರು. ಕೋಟೆಗುಡ್ಡೆಗೆ ಸರಿಯಾಗಿ ಆರುನೂರು. ಹಾಗಾಗಿ ಒಂದೂವರೆ ಕಿಲೋಮೀಟರ್ ಎಂದು ಕೆತ್ತಿದರು.

ಕೋಟೆಗುಡ್ಡೆ ಇರುವುದು ಹೊಳೆಯ ಆಚೆ ದಂಡೆಯಲ್ಲಿ. ಸೇತುವೆ ಬಹಳ ಮೇಲೆ, ಒಳನಾಡಿನಲ್ಲಿ. ರಸ್ತೆಯಲ್ಲಿ ಹೋದರೆ ಹದಿನೇಳು ಕಿಲೋಮೀಟರ್. ಹಕ್ಕಿಕಲ್ಲಿಗಂತೂ ರಸ್ತೆಯೇ ಇಲ್ಲ, ಅದು ಕಡಲ ನಡುವಿನ ಬಂಡೆ. ಮಜಾ ಏನೆಂದರೆ ಊರಿನಲ್ಲಿ ಒಬ್ಬರಿಗೂ ಇದು ತಪ್ಪು ಎನಿಸಲಿಲ್ಲ. ರತ್ನಾಕರ ಓದಿ ಭೇಷ್ ಎಂದ. ಬಸ್‌ಸ್ಟ್ಯಾಂಡಿನ ಗೋಡೆಗೆ ನನ್ನನ್ನು ಮೊಳೆ ಹೊಡೆದು ಕೂರಿಸಿದರು. ಗುಳಿಯಿದ್ದ ಬದಿ ಗೋಡೆಗೆ ಹೋಯಿತು.

ಬಸ್‌ಸ್ಟ್ಯಾಂಡಿನ ಬದುಕು ಹೇಗಿತ್ತು ಎಂದು ಕೇಳಿದರೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಜನ ಬಸ್ಸಿಳಿಯುತ್ತಾರೆ, ತಲೆಯೆತ್ತಿ ನನ್ನನ್ನು ಓದುತ್ತಾರೆ, ಹೋಗುತ್ತಾರೆ. ಉಗುಳು ನುಂಗುವಷ್ಟು ಹೊತ್ತು ನನ್ನ ಮುಂದೆ ನಿಂತರೆ ಹೆಚ್ಚು. ಸಂಜೆ ಬಿಸಿಲಿಗೆ ಕೆಂಪಾಗಿ ವಾಪಸು ಬಂದು ಲೈಟ್‌ಹೌಸಿನ ಮೇಲಿಂದ ಏನು ನೋಟ, ಕೆಂಪುದರೆಯಲ್ಲಿ ಏನು ಗಾಳಿ ಎಂದು ನನಗೆ ಬೆನ್ನು ಹಾಕಿಕೊಂಡೇ ಹೊಗಳುತ್ತಾರೆ. ದಾರಿ ಹೇಳಿದವನು ನಾನು. ಹೊಗಳಿಕೆ ಅವಕ್ಕೆ. ಪಕ್ಕದ ಗೋಡೆಯ ಬಸ್ ವೇಳಾಪಟ್ಟಿಯನ್ನು ಕೂಡ ಜನ ನನಗಿಂತ ಹೆಚ್ಚು ಹೊತ್ತು ಓದುತ್ತಿದ್ದರು. ಅದರ ಮೇಲೂ ನನಗೆ ಕಣ್ಣಿತ್ತು.

ಆದರೆ ಕೆಲವರು ಬೇಗನೆ ವಾಪಸು ಬರುತ್ತಿದ್ದರು. ನಡೆದು ನಡೆದು ಕೋಟೆಗುಡ್ಡೆ ಸಿಗದೆ ಸಿಟ್ಟಿನಿಂದ ಬಂದವರು. ಹಕ್ಕಿಕಲ್ಲಿಗೆ ಬಿಡು ಎಂದು ರಿಕ್ಷಾದವನನ್ನು ಕೇಳಿ ನಗೆಪಾಟಲಾದವರು. ಅವರು ಸೊಂಟಕ್ಕೆ ಕೈ ಕೊಟ್ಟು ನನ್ನೆದುರು ನಿಂತು ಒಂದೊಂದೇ ಅಕ್ಷರ ಓದುತ್ತಿದ್ದರು. ಬೈಯುತ್ತಿದ್ದರು, ಮತ್ತೊಮ್ಮೆ ಓದುತ್ತಿದ್ದರು. ನನಗೆ ಅದು ಹಬ್ಬ. ಬೈದರೇನಾಯಿತು, ನೋಡಿದರಲ್ಲ. ಕೆಳಗೆ ಕೂತ ಬಾಗಿ ಪ್ರತಿಯೊಬ್ಬರಿಗೂ ಇದು ದೋಣಿಯ ದೂರ ಎಂದು ತಿಳಿಸಿ ಹೇಳುವಳು. ರಿಕ್ಷಾದವರು ನನಗೆ ಸುಳ್ಳು ಹಲಗೆ ಎಂದು ಹೆಸರಿಟ್ಟರು. ಆ ಮಾತು ಅಪ್ಪನ ಕಿವಿಗೆ ಬೀಳದ ಹಾಗೆ ಬಾಗಿ ನೋಡಿಕೊಂಡಳು. ನಾನು ಮಾತ್ರ ಒಳಗೊಳಗೇ ಹಿಗ್ಗುತ್ತಿದ್ದೆ. ಯಜಮಾನರ ಮಾತಿನ ಬೆಲೆ ಹೋಗುತ್ತಿದೆ ಎಂಬ ಯೋಚನೆ ನನಗೆ ಬರಲೇ ಇಲ್ಲ.

ಒಂದು ಏಪ್ರಿಲ್ ಮಧ್ಯಾಹ್ನ ರಿಕ್ಷಾದಿಂದ ಒಬ್ಬ ಹೆಂಗಸು ಇಳಿದರು. ಬೆಳಿಗ್ಗೆ ಗಂಡನ ಜೊತೆ ನನ್ನನ್ನು ಓದಿ ಹೋಗಿದ್ದವರು. ಹಾವೇರಿಯ ಕಡೆಯವರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಮನೋರಮಾ ಟೀಚರು. ಗಂಡ ಬಿಸಿಲಿಗೆ ತಲೆ ತಿರುಗಿ ರಸ್ತೆಯಲ್ಲಿ ಬಿದ್ದಿದ್ದರು. ಅವರನ್ನು ಲಾಡ್ಜಿನಲ್ಲಿ ಮಲಗಿಸಿ ಟೀಚರು ನೇರ ನನ್ನ ಹತ್ತಿರ ಬಂದಿದ್ದರು. ಅಂದು ಕುಷ್ಟ ಮರಕಾಲರು ಬಾಗಿಗೆ ಊಟ ತಂದವರು ಅಲ್ಲೇ ಕೂತಿದ್ದರು.

"ಇದನ್ನ ಬರದವ್ರು ಯಾರ್ರಿ? ಒಂದೂವರೆ ಕಿಲೋಮೀಟರ್ ಅಂತ ಬರದಾರ. ಎರಡು ತಾಸು ನಡದ್ವಿ. ನಮ್ಮ ಯಜಮಾನ್ರು ದಾರ್ಯಾಗ ಬಿದ್ರು. ಗುಡ್ಡ ಕಾಣಲೇ ಇಲ್ಲ."

ಬಾಗಿ ತಲೆ ತಗ್ಗಿಸಿ ಮೀನಿಗೆ ನೀರು ಚಿಮುಕಿಸಿದಳು.

"ಬರ್ದದ್ದ್ ನಾನೇ ಅಮ್ಮ" ಎಂದು ಕುಷ್ಟ ಮರಕಾಲರು ಎದ್ದು ನಿಂತರು. "ತಪ್ಪೆಂತ ಇತ್ತ್ ಅದ್ರಗೆ?"

"ಹದಿನೇಳು ಕಿಲೋಮೀಟರ್ ಐತಂತ."

"ಇಲ್ಲೆ ಅಮ್ಮ. ಒಂದೂವರೆಯೇ. ದೋಣಿಯಗೆ ಹೋಯ್ನಿ, ಕಾಣಿ."

"ದೋಣ್ಯಾಗ ಅಂತ ಬರೀಬೇಕಿತ್ತಲ್ರಿ ಹಂಗಾರ."

ಯಜಮಾನರು ನಿಜವಾಗಿಯೂ ಅರ್ಥವಾಗದೆ ಅವರ ಮುಖ ನೋಡಿದರು. "ದೋಣಿಯಗೆ ಅಲ್ದೆ ಮತ್ತ್ ಹ್ಯಾಂಗ್ ಹೋಪುದ್?"

ರಿಕ್ಷಾದವರೆಲ್ಲ ನಕ್ಕರು. ಸುಳ್ಳು ಹಲಗೆ ಎಂದು ಯಾರೋ ಹಿಂದಿನಿಂದ ಅಂದರು. ಅದು ಯಜಮಾನರ ಕಿವಿಗೆ ಬಿತ್ತು. ಅವರು ಬಲೆ ಬಿಡಿ ಎಂದರೆ ಹತ್ತು ಆಳುಗಳು ಎದುರು ಮಾತಿಲ್ಲದೆ ಬಲೆ ಬಿಡುತ್ತಿದ್ದ ಕಾಲವಿತ್ತು. ಈಗ ಅವರ ಮಾತಿಗೆ ರಿಕ್ಷಾದವರು ನಗುತ್ತಿದ್ದರು. ನನ್ನ ಹಬ್ಬ ಅಲ್ಲಿಗೆ ಮುಗಿಯಿತು.

"ನಾನ್ ಸುಳ್ಳ್ ಬರೀಲಿಲ್ಲ" ಎಂದರು ಅವರು. "ನಾಳೆ ಬೆಳಿಗ್ಗೆ ನೀವೇ ದೋಣಿಯಗೆ ಬನ್ನಿ. ಆರ್ನೂರ್ ಹುಟ್ಟಿಗೆ ಕೋಟೆಗುಡ್ಡೆ ಮೆಟ್ಟಿಲು ಸಿಕ್ದಿದ್ರೆ ಈ ಹಲ್ಗಿ ನಾನೇ ಒಲೆಗ್ ಹಾಕ್ತೆ."

ಟೀಚರು ಇನ್ನೊಮ್ಮೆ ನನ್ನ ಮೇಲಿನ ಅಂಕಿ ಓದಿದರು. "ಬರ್ತೀನ್ರಿ. ಎಣಿಸೋದು ನಾನು" ಎಂದರು.

ಮರುದಿನ ಬೆಳಿಗ್ಗೆ ಅವರು ಹೋದರು. ಜೊತೆಗೆ ಬಾಗಿ. ಒಲೆಯ ಭಯ ನನಗೆ ಇದ್ದೇ ಇತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ಯಜಮಾನರು ಮತ್ತೆ ಕೋಟೆಗುಡ್ಡೆ ನೋಡಲು ಹೋದರಲ್ಲ ಎಂದು ಒಳಗೆ ಸುಡುತ್ತಿತ್ತು. ಜೀವ ಹೋಗುವ ಹೊತ್ತಿನಲ್ಲೂ ನನ್ನ ಬುದ್ಧಿ ಹಾಗೆಯೇ.

ಹತ್ತು ಗಂಟೆಗೆ ವಾಪಸು ಬಂದರು. ಟೀಚರು ರಿಕ್ಷಾದವರ ಮುಂದೆ ನಿಂತು, ಕ್ಲಾಸಿನಲ್ಲಿ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದರು.

"ಐನೂರಾ ತೊಂಬತ್ತೆಂಟು. ಎರಡು ಕಡಿಮಿ ಆತು. ಇವರು ಬರದದ್ದು ಖರೇ ಐತಿ."

ಯಾರೂ ನಗಲಿಲ್ಲ. ಯಜಮಾನರ ಮಾತು ಉಳಿಯಿತು. ಆದರೆ ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಬಾಗಿ ಅವರ ತೋಳು ಹಿಡಿದುಕೊಂಡಿದ್ದಳು. ಏನಾಯಿತು ಎಂದು ನನಗೆ ತಿಳಿದದ್ದು ಸಂಜೆ, ಬಾಗಿ ರತ್ನಾಕರನಿಗೆ ಹೇಳುವಾಗ. ಹೊಳೆಯ ಬಾಯಿಯಲ್ಲಿ, ಬೆಳ್ಳನೆ ಬಿಸಿಲಿನಲ್ಲಿ, ಯಜಮಾನರು ಹುಟ್ಟು ನಿಲ್ಲಿಸಿ ಲೈಟ್‌ಹೌಸ್ ಎಲ್ಲಿತ್ತ್ ಮಗಾ ಎಂದು ಕೇಳಿದರಂತೆ. ಲೈಟ್‌ಹೌಸ್ ಎದುರಿಗೇ ಇತ್ತಂತೆ. ಅಲ್ಲಿಂದ ಮುಂದೆ ದಿಕ್ಕು ಹೇಳಿದವಳು ಬಾಗಿ, ಹುಟ್ಟು ಎಳೆದವರು ಅವರು.

"ಒಂದ್ ವರ್ಷದಿಂದ ಮಂಜ್ ಕಂಡಾಂಗ್ ಆತಿತ್ತ್ ಅಂಬ್ರ್. ನಮ್ಗ್ ಒಬ್ರಿಗೂ ಹೇಳ್ಲಿಲ್ಲೆ" ಎಂದು ಬಾಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಡಾಕ್ಟರು ನೋಡಿ, ಕಣ್ಣಿನ ನರವೇ ಒಣಗಿದೆ, ಇನ್ನು ಏನೂ ಮಾಡುವ ಹಾಗಿಲ್ಲ ಎಂದರಂತೆ. ಮಳೆಗಾಲಕ್ಕೆ ಮೊದಲೇ ಪೂರ್ತಿ ಕತ್ತಲಾಯಿತು.

ಲೆಕ್ಕ ಸರಿಯಿದ್ದರೂ ನನ್ನ ಕೆಲಸ ಉಳಿಯಲಿಲ್ಲ. ಬರುವವರೆಲ್ಲ ಕಾರಿನಲ್ಲಿ ಬರುತ್ತಾರಲ್ಲ ಎಂದ ರತ್ನಾಕರ. ಹೊಸ ತಗಡಿನ ಬೋರ್ಡು ಬಂತು, ರಸ್ತೆಯ ದೂರ, ಹೆಸರುಗಳ ಪಕ್ಕದಲ್ಲಿ ಬಣ್ಣದ ಫೋಟೋಗಳು. ನನ್ನನ್ನು ಕಿತ್ತು ಅದರೆದುರಿಗೇ ಒರಗಿಸಿದ್ದರಿಂದ ನನ್ನ ವೈರಿಗಳ ಮುಖವನ್ನು ನಾನು ನೋಡಿದ್ದು ಅಂದೇ ಮೊದಲು. ಲೈಟ್‌ಹೌಸ್ ಎಂದರೆ ಪಟ್ಟೆ ಬಳಿದ ಒಂದು ಕಂಬ. ಹಕ್ಕಿಕಲ್ಲು ಹಿಕ್ಕೆ ಬಿದ್ದು ಬೆಳ್ಳಗಾದ ಬಂಡೆ. ಕೆಂಪುದರೆ ಕಡಲಂಚಿನ ಕೆಂಪುಮಣ್ಣಿನ ಕಡಿದಾದ ದಿಬ್ಬ. ಇವಕ್ಕಾಗಿಯೇ ಇಷ್ಟೆಲ್ಲ ಎಂದುಕೊಂಡೆ. ಆಮೇಲೆ ಕೋಟೆಗುಡ್ಡೆಯ ಆಲದಮರವನ್ನು ನೋಡಿದೆ, ಅದರ ಹಿಂದೆ ಕಡಲು ನೋಡಿದೆ. ಚೆನ್ನಾಗಿತ್ತು. ಒಪ್ಪಿಕೊಳ್ಳಲು ಕಷ್ಟವಾಯಿತು.

"ಆ ಹಲ್ಗಿ ನಂಗ್ ಕೊಡಿ" ಎಂದು ಯಜಮಾನರು ಕೇಳಿಕೊಂಡರಂತೆ. ಬಾಗಿ ನನ್ನನ್ನು ತಲೆಯ ಮೇಲೆ ಹೊತ್ತು ತಂದು, ಮನೆಯ ಮುಂದೆ ಎರಡು ಕೆಂಪುಕಲ್ಲಿನ ಮೇಲೆ, ಅಕ್ಷರದ ಬದಿ ಮೇಲೆ ಬರುವಂತೆ ಇಟ್ಟಳು. ಅಲ್ಲಿಂದ ಕಡಲಿಗೆ ಐವತ್ತು ಹೆಜ್ಜೆ. ಯಜಮಾನರು ದಿನವಿಡೀ ನನ್ನ ಮೇಲೆ ಕೂರುತ್ತಿದ್ದರು. ಬಣ್ಣ ಹೋಗಿತ್ತು, ಆದರೆ ಕೆತ್ತಿದ ಅಕ್ಷರ ಹೋಗಿರಲಿಲ್ಲ. ಬೆರಳಾಡಿಸಿ ಓದುತ್ತಿದ್ದರು.

ಈಗಲಾದರೂ ನನಗೆ ತೃಪ್ತಿಯಾಯಿತು ಎಂದುಕೊಂಡಿರಾ? ಇಲ್ಲ. ಕೂರುವುದು ನನ್ನ ಮೇಲೆ, ಮುಟ್ಟುವುದು ಅವನ್ನು. ಬೆರಳು ಕೋಟೆಗುಡ್ಡೆಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿತ್ತು. ಅಕ್ಷರವಿಲ್ಲದ ಜಾಗಕ್ಕೆ ಒಂದು ದಿನವೂ ಬರಲಿಲ್ಲ. ನನ್ನ ಮೈಮೇಲಿನ ಗೀರುಗಳ ಮೇಲೆ ನಾನೇ ಹೊಟ್ಟೆಕಿಚ್ಚು ಪಟ್ಟೆ. ಇದಕ್ಕಿಂತ ಕೀಳಾಗಿ ಬಾಳಲು ಸಾಧ್ಯವೋ ನನಗೆ ಗೊತ್ತಿಲ್ಲ.

ಅಪ್ಪನ ದುಡಿಮೆ ನಿಂತದ್ದರಿಂದ ಮಳೆ ಬಿಟ್ಟ ಮೇಲೆ ಬಾಗಿ ಸಣ್ಣ ದೋಣಿ ತೆಗೆದುಕೊಂಡು ಕಡಲಿಗೆ ಹೊರಟಳು. ಹೆಂಗಸರು ಬಲೆ ಹೊತ್ತು ಕಡಲಿಗೆ ಹೋಗುವುದು ನಮ್ಮಲ್ಲಿ ಕಡಿಮೆ. ಬಾಗಿ ಹೋದಳು, ಖಾಲಿ ಬಲೆ ತಂದಳು. ಮತ್ತೆ ಹೋದಳು, ಮತ್ತೆ ಖಾಲಿ. ನಾಲ್ಕನೆಯ ದಿನ ಅಪ್ಪನ ಪಕ್ಕ ನನ್ನ ಮೇಲೆ ಕೂತಳು.

"ಅಪ್ಪಯ್ಯ, ಬಂಡೆ ಗುರ್ತ್ ನಂಗ್ ಹೇಳುಕಾಗ್ದಾ?"

ಯಜಮಾನರು ನಾಲ್ಕೂ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದರು. "ಹೇಳುಕಾಗ್ದು ಅಂತಲ್ಲ ಮಗಾ" ಎಂದರು. "ಹೆಸ್ರ್ ಎಲ್ಲಾ ಬೆರ್ಳಿಗ್ ಸಿಕ್ತ್. ಯಾವ್ದರ್ ಹಿಂದ್ ಯಾವ್ದ್ ಬತ್ತಿತ್ತ್ ಅಂತ ನೆನ್ಪಿಗ್ ಬತ್ತಿಲ್ಲೆ. ಕಣ್ಣಗ್ ಇದ್ದದ್ದ್, ಕಣ್ಣಿನ್ ಒಟ್ಟಿಗೇ ಹೋಯ್ತ್."

ನನಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಆ ಗೊಣಗಾಟವನ್ನು ಕೇಳಿದವನು ನಾನೊಬ್ಬನೇ. ಹೇಳಲು ಬಾಯಿಲ್ಲ. ಅಂದು ಮೊದಲ ಸಲ ನನ್ನನ್ನು ನೋಡಲಿ ಎಂದು ನಾನು ಬಯಸಲಿಲ್ಲ. ಆ ಕೋಟೆಗುಡ್ಡೆ ಇವರಿಗೆ ಒಮ್ಮೆ ಕಾಣಲಿ ಎಂದು ಬಯಸಿದೆ.

ಮರುದಿನ ಬೆಳಿಗ್ಗೆ ಬಾಗಿ ಮಳೆಗಾಲದ ಪಾಚಿಯನ್ನು ತಿಕ್ಕಿ ತೊಳೆದು ನನ್ನನ್ನು ಒಣಗಲು ಕವುಚಿ ಹಾಕಿದಳು. ಯಜಮಾನರು ಬಂದು ಕೂತರು. ಬೆರಳು ಅಕ್ಷರ ಹುಡುಕಿತು, ಸಿಗಲಿಲ್ಲ. ಇನ್ನೂ ಆಚೆ ಹೋಯಿತು. ಗುಳಿಗೆ ಬಿತ್ತು.

ಅವರು ಅದರ ಅಂಚನ್ನು ನಿಧಾನ ಸವರಿದರು. ಎದ್ದು ನಿಂತು ನನ್ನನ್ನು ಕಲ್ಲಿನಿಂದ ಮರಳಿಗೆ ಇಳಿಸಿದರು. ಅಂಗೈಯಿಂದ ಅಳೆದು, ದೋಣಿಯಲ್ಲಿದ್ದ ಹಾಗೆಯೇ ಕಡಲಿನ ಕಡೆಗೆ ತಿರುಗಿಸಿದರು. ಬಲಗಾಲಿನ ಹಿಮ್ಮಡಿಯನ್ನು ಗುಳಿಯಲ್ಲಿಟ್ಟರು. ಸರಿಯಾಗಿ ಕೂತಿತು.

"ಬಾಗಿ, ಇಲ್ಲ್ ಬಾ."

ಅವಳು ಪೊರಕೆ ಬಿಟ್ಟು ಓಡಿ ಬಂದಳು. ಅವರ ಬಲಗೈ ತಾನಾಗಿಯೇ ಮೇಲೆದ್ದಿತು.

"ಅಲ್ಲ್ ಲೈಟ್‌ಹೌಸ್ ಇತ್ತ್, ಅಲ್ದಾ?"

"ಹೌದ್ ಅಪ್ಪಯ್ಯ."

"ಈಗ ದೋಣಿ ತಿರ್ಗ್ತ್. ಲೈಟ್‌ಹೌಸ್ ತಲೆ ಕೆಂಪುದರಿ ಮೂಲಿಗ್ ಬಪ್ಪಲೊರಿಗೂ ಬಿಡ್ಕ್. ಅಲ್ಲ್ ನಿಲ್ಸ್." ಎಡಗೈ ಎದ್ದಿತು. "ಇನ್ನ್ ಈಚಿಗ್ ಕಾಣ್. ಕೋಟೆಗುಡ್ಡೆ ಆಲದ್ ಮರ ಹಕ್ಕಿಕಲ್ಲಿನ ಹಿಂದ್ ಸರಿತ್. ಅರ್ಧ ಮರ ಹೋಯ್ತ್. ಪೂರಾ ಹೋಯ್ತ್."

ಹಿಮ್ಮಡಿ ಗಟ್ಟಿಯಾಗಿ ಊರಿತು. ಅದೇ ಭಾರ.

"ಬಲೆ ಬಿಡ್" ಎಂದರು.

ಬಾಗಿ ಅದನ್ನು ಮೂರು ಸಲ ಬಾಯೊಳಗೇ ಹೇಳಿಕೊಂಡಳು. ಮರುದಿನ ಅವಳ ದೋಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಮೊದಲ ಬುಟ್ಟಿಯನ್ನು ತಂದು ಅಪ್ಪನ ಕಾಲಬುಡದಲ್ಲಿ, ಅಂದರೆ ನನ್ನ ಮೇಲೆ, ಸುರಿದಳು. ಯಜಮಾನರು ಮೀನು ಮುಟ್ಟಿ ನೋಡಿ, ಆಮೇಲೆ ಬಗ್ಗಿ ಗುಳಿಯ ಮೇಲೆ ಅಂಗೈಯಿಟ್ಟರು.

"ಇದೊಂದ್ ಜಾಗ ಬರೂಕ್ ಬಿಟ್ಟ್ ಹೋಯ್ತ್ ಮಗಾ, ಆ ಬೋರ್ಡಗೆ."

ಈಗ ನನಗೆ ವಯಸ್ಸಾಗಿದೆ. ಒಂದು ತುದಿಯಲ್ಲಿ ಗೆದ್ದಲು ಹಿಡಿದಿದೆ. ನನ್ನನ್ನು ಮತ್ತೆ ತಿರುಗಿಸಬಾರದು ಎಂದು ಯಜಮಾನರ ಅಪ್ಪಣೆಯಾಗಿದೆ. ಲೈಟ್‌ಹೌಸ್, ಕೋಟೆಗುಡ್ಡೆ, ಹಕ್ಕಿಕಲ್ಲು, ಕೆಂಪುದರೆ ನಾಲ್ಕೂ ನನ್ನ ಕೆಳಗೆ ಮರಳಿಗೆ ಮುಖ ಮಾಡಿ ಮಲಗಿವೆ. ಮೇಲೆ ಗುಳಿಯಿದೆ, ಗುಳಿಯಲ್ಲಿ ಹಿಮ್ಮಡಿಯಿದೆ. ಆ ನಾಲ್ಕರ ಮೇಲೆ ನನಗೆ ಈಗ ಹೊಟ್ಟೆಕಿಚ್ಚಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಹಿಮ್ಮಡಿ ಊರಿ ನಿಂತಾಗ ಯಜಮಾನರು ನೋಡುವುದು ಇಂದಿಗೂ ಅವುಗಳ ಕಡೆಗೇ. ಸ್ವಲ್ಪ ಇದೆ. ಇಲ್ಲ ಎಂದರೆ ನಾನು ಸುಳ್ಳು ಹಲಗೆಯಾಗುತ್ತೇನೆ.